ಹನ್ನೊಂದು ನಲವತ್ತಕ್ಕೆ ಗೋಪುರ ಹತ್ತಿದವಳು

ರಾಚೆಸ್ಟರ್
14 ಜೂನ್ 1994

ಮಾನ್ಯ ಓರಿನ್ ಡೆನೊ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ಟ್ಯಾಮರಾಕ್ ಬೆಟ್ಟದ ಮೇಲಿನ ಕಾಡ್ಗಿಚ್ಚು ಕಾಯುವ ಗೋಪುರದ ದುರಸ್ತಿ ಸಮಿತಿಯ ಹೋಬಾರ್ಟ್ ಅವರಿಂದ ನಿಮ್ಮ ವಿಳಾಸ ಸಿಕ್ಕಿತು. ಕೊಡುವಾಗಲೇ ಅವರು, "ಆ ಮುದುಕ ಕಾಗದಕ್ಕೆಲ್ಲ ಉತ್ತರ ಬರೆಯೋನಲ್ಲ, ಆದ್ರೂ ನೋಡಿ" ಅಂದರು. ನೋಡುತ್ತಿದ್ದೇನೆ.

ಕಳೆದ ಶನಿವಾರ ಟ್ಯಾಮರಾಕ್ ಬೆಟ್ಟ ಹತ್ತಿದೆ. ಹಳ್ಳದ ಪಕ್ಕದ ಪೂರ್ವದ ದಾರಿಯಲ್ಲಿ ಹತ್ತಿ, ಕೆರೆಯ ಕಡೆಯ ಪಶ್ಚಿಮದ ದಾರಿಯಲ್ಲಿ ಇಳಿದು, ಹೊರಟಲ್ಲಿಗೇ ಬಂದು ಸೇರುವ ಐದು ಮೈಲಿಯ ಸುತ್ತು. ಕಪ್ಪು ನೊಣ ಕಚ್ಚಿ ಕಿವಿ ಎರಡೂ ಬೋಂಡದಂತೆ ಊದಿಕೊಂಡಿವೆ. ಅದಿರಲಿ. ತುದಿಯಲ್ಲಿ, ನೀವು ಕಾವಲಿಗಿದ್ದಾಗಿನ ಹಳೆಯ ಗುಡಿಸಲಿನೊಳಗೆ ಹೋಬಾರ್ಟ್ ಅವರು ಗೋಪುರದ ಹಳೆಯ ಸಂದರ್ಶಕರ ಪುಸ್ತಕಗಳನ್ನು ಹರಡಿಕೊಂಡು ಕೂತಿದ್ದರು. ಸುಮ್ಮನೆ ಪುಟ ತಿರುಗಿಸಿದೆ. 1951ರ ಆಗಸ್ಟ್ 17ರ ಪುಟದಲ್ಲಿ ಒಂದೇ ಒಂದು ಹೆಸರಿತ್ತು: ವಿನಿಫ್ರೆಡ್ ಟ್ಯಾಸ್ಕರ್.

ಅದು ನನ್ನ ಅಮ್ಮನ ಹೆಸರು. ಅಕ್ಷರವೂ ಅಮ್ಮನದೇ. ನಾನು ಕನ್ನಡಕದ ಗಾಜು ಉಜ್ಜುವವಳು, ದಿನವಿಡೀ ಕೂದಲೆಳೆಯಷ್ಟು ಸಣ್ಣದನ್ನು ನೋಡುವುದೇ ನನ್ನ ಕೆಲಸ. ತಪ್ಪಾಗಿ ನೋಡಿಲ್ಲ.

ನನ್ನ ತೊಡಕು ಏನೆಂದರೆ, ಅಮ್ಮ ಅಡುಗೆಮನೆಯ ಸ್ಟೂಲ್ ಕೂಡ ಹತ್ತುವುದಿಲ್ಲ. ತಲೆ ತಿರುಗುತ್ತದೆ ಎನ್ನುತ್ತಾಳೆ. ಪರದೆ ತೆಗೆಯಬೇಕಾದರೂ ಅಪ್ಪನೇ ಬೇಕಿತ್ತು. ಆ ವಾರ ಅವಳು ಯುಟಿಕಾದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳೆಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ನಾಲ್ಕು ವರ್ಷದ ನನಗೆ ಅಪ್ಪ ಮೂರು ಹೊತ್ತೂ ಮೊಟ್ಟೆ ಬೇಯಿಸಿ ಹಾಕಿದ ವಾರ ಅದು.

ಅಮ್ಮನನ್ನು ಕೇಳಿದೆ. "ಅದೇ ಹೆಸರಿನ ಬೇರೆ ಯಾರೋ ಇರ್ಬೇಕು" ಎಂದು ಹೇಳಿ ಕಾಫಿ ಬಿಸಿ ಮಾಡಲು ಎದ್ದು ಹೋದಳು. ಕಾಫಿ ಬಿಸಿಯಾಗೇ ಇತ್ತು.

ನಿಮಗೆ ಆ ದಿನ ನೆನಪಿದೆಯೇ? ಅಂಚೆಚೀಟಿ ಹಚ್ಚಿದ ಲಕೋಟೆ ಜೊತೆಗಿದೆ.

ಕೊರಿನ್ ಟ್ಯಾಸ್ಕರ್


ಮಿಂಕ್ ಲೇಕ್
22 ಜೂನ್ 1994

ಕೊರಿನ್ ಅವರಿಗೆ,

ಹೋಬಾರ್ಟ್ ನನ್ನ ಬಗ್ಗೆ ಹೇಳಿದ್ದು ಸರಿ. ಆದರೆ ಚೀಟಿ ಹಚ್ಚಿದ ಲಕೋಟೆ ಹಾಳುಮಾಡಲು ಮನಸ್ಸು ಬರಲಿಲ್ಲ.

ಇಪ್ಪತ್ತೆರಡು ಬೇಸಿಗೆ ಆ ಗೋಪುರದಲ್ಲಿದ್ದೆ. ವರ್ಷಕ್ಕೆ ಎರಡು ಸಾವಿರ ಜನ ಹತ್ತಿ ಬರುತ್ತಿದ್ದರು. ನೆನಪಿನಲ್ಲಿ ಉಳಿದಿರುವುದು ನಾಯಿಗಳು, ಮತ್ತು ಮೆಟ್ಟಿಲ ಮೇಲೆ ವಾಂತಿ ಮಾಡಿದವರು. ನಿಮ್ಮ ತಾಯಿ ಎರಡೂ ಗುಂಪಿಗೆ ಸೇರಿದವರಲ್ಲ ಎಂದು ಕಾಣುತ್ತದೆ.

ಹಳೆಯ ಪುಸ್ತಕಗಳನ್ನು ಕೆದಕಿ ಏನು ಸಿಗುತ್ತದೆ? ನಿಮ್ಮ ತಾಯಿ ಆರೋಗ್ಯವಾಗಿದ್ದಾರೆಯೇ? ಈಗಲೂ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆಯೇ, ನಿವೃತ್ತಿಯಾಯಿತೇ?

ಕಿವಿಗೆ ಅಡುಗೆ ಸೋಡಾ ನೀರಿನಲ್ಲಿ ಕಲಸಿ ಹಚ್ಚಿ.

ಓ. ಡೆನೊ


ರಾಚೆಸ್ಟರ್
28 ಜೂನ್ 1994

ಡೆನೊ ಅವರೇ,

ಸೋಡಾ ಹಚ್ಚಿದೆ, ಇಳಿಯಿತು. ಧನ್ಯವಾದ.

ಅಮ್ಮ ಗಣಿತದ ಟೀಚರ್ ಎಂದು ನಾನು ಎಲ್ಲಿ ಬರೆದಿದ್ದೆ? ನನ್ನ ಕಾಗದದ ನಕಲು ನನ್ನ ಹತ್ತಿರವಿದೆ. ಮೂರು ಸಲ ಓದಿದೆ. ಎಲ್ಲೂ ಇಲ್ಲ.

ನಿನ್ನೆ ಊಟಕ್ಕೆ ಕೂತಾಗ ನಿಮ್ಮ ಹೆಸರು ತೆಗೆದೆ. ಅಮ್ಮ ಫೋರ್ಕ್ ಕೆಳಗಿಟ್ಟಳು.

"ಅವ್ರು ಇನ್ನೂ ಇದಾರಾ?"

"ಯಾರು?" ಅಂದೆ.

"ನೀನು ಈಗ ಹೇಳಿದ್ಯಲ್ಲ, ಅವ್ರೇ."

"ಬೇರೆ ಯಾರೋ ವಿನಿಫ್ರೆಡ್‌ಗೆ ಪರಿಚಯ ಇದ್ದೋರು ಅವ್ರು. ನಿಂಗ್ಯಾಕೆ ಚಿಂತೆ?"

"ಕೊರಿನ್, ನಿಂಗೆ ನಲವತ್ತೇಳಾಯ್ತು. ಇನ್ನೂ ಬೀರು ತಡಕೋ ಬುದ್ಧಿ ಹೋಗಿಲ್ವಲ್ಲೇ" ಎಂದು ತಟ್ಟೆ ಎತ್ತಿಕೊಂಡು ಹೋದಳು. ನನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಮೀನಿತ್ತು.

ನೇರವಾಗಿ ಕೇಳುತ್ತೇನೆ. ನಿಮ್ಮಿಬ್ಬರ ನಡುವೆ ಏನಾದರೂ ಇತ್ತೇ? ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅದನ್ನು ಕೇಳಿ ನೋಯುವವರು ಈಗ ಯಾರೂ ಇಲ್ಲ. ನನಗಂತೂ ನೋವಾಗುವುದಿಲ್ಲ. ಕುತೂಹಲ ಮಾತ್ರ.

ಕೊರಿನ್


ರಾಚೆಸ್ಟರ್
25 ಜುಲೈ 1994

ಡೆನೊ ಅವರೇ,

ನಾಲ್ಕು ವಾರವಾಯಿತು, ಉತ್ತರವಿಲ್ಲ. ನನ್ನ ಪ್ರಶ್ನೆ ಒರಟಾಗಿತ್ತು. ಕ್ಷಮಿಸಿ.

ಮೊನ್ನೆ ಮತ್ತೆ ಬಂದಿದ್ದೆ. ಈ ಸಲ ಸುತ್ತನ್ನು ಹಿಂದುಮುಂದು ಮಾಡಿದೆ, ಕೆರೆಯ ಕಡೆಯಿಂದ ಹತ್ತಿದೆ. ಆ ಕಡೆಯ ಏರು ಎಷ್ಟು ಕಡಿದು! ಬಂಡೆಯ ಮೇಲೆ ಕೂತು ಬ್ರೆಡ್ಡು ತಿನ್ನುವಾಗ ಒಂದು ವಿಷಯ ಹೊಳೆಯಿತು. ಒಂದು ದಾರಿಯಲ್ಲಿ ಹತ್ತುವವರಿಗೆ ಇನ್ನೊಂದು ದಾರಿಯಲ್ಲಿ ಇಳಿಯುವವರು ಕಾಣುವುದೇ ಇಲ್ಲ.

ಗುಡಿಸಲಿನ ಗೋಡೆಗೆ ಹೋಬಾರ್ಟ್ ಒಂದು ಪತ್ರಿಕೆಯ ತುಂಡು ಹಾಕಿದ್ದಾರೆ. 1951ರ ಆಗಸ್ಟ್ 18ರದು. ಹೆಣ್ಣುಮಕ್ಕಳ ಬೇಸಿಗೆ ಶಿಬಿರದ ಹಿಂದಿನ ಕಾಡಿಗೆ ಬೆಂಕಿ ಬಿದ್ದಿದ್ದನ್ನು ಕಾವಲುಗಾರ ಓರಿನ್ ಡೆನೊ ಗೋಪುರದಿಂದ ಕಂಡು, 12.05ಕ್ಕೆ ಫೋನ್ ಮಾಡಿ, ನಲವತ್ತೊಂದು ಹುಡುಗಿಯರನ್ನು ಉಳಿಸಿದ ಸುದ್ದಿ. ಅಮ್ಮ ಪುಸ್ತಕದಲ್ಲಿ ಸಹಿ ಹಾಕಿದ ಸಮಯವನ್ನೂ ಬರೆದಿದ್ದಾಳೆ: 11.40. ಅಂದರೆ ಅವಳು ನಿಮ್ಮ ಜೊತೆಗೇ ಇದ್ದಳು. ಎಲ್ಲವನ್ನೂ ಕಣ್ಣಾರೆ ಕಂಡಳು. ಇಷ್ಟು ದೊಡ್ಡ ಸಂಗತಿಯನ್ನು ಮಗಳಿಗೆ ಯಾಕೆ ಹೇಳಲಿಲ್ಲ?

ಸೆಪ್ಟೆಂಬರ್ 10ಕ್ಕೆ ಗೋಪುರ ಮತ್ತೆ ತೆರೆಯುತ್ತದೆ, ನಿಮ್ಮ ಹೆಸರಿನ ಫಲಕ ಹಾಕುತ್ತಾರೆ ಎಂದು ಕೇಳಿದೆ. ಸಂತೋಷ. ಆ ದಿನ ಜನರೆದುರಿಗೇ ಈ ಎರಡು ಸಮಯದ ಬಗ್ಗೆ ಕೇಳಬಹುದೇ?

ಕೊರಿನ್


ಮಿಂಕ್ ಲೇಕ್
2 ಆಗಸ್ಟ್ 1994

ಕೊರಿನ್ ಟ್ಯಾಸ್ಕರ್ ಅವರಿಗೆ,

ಸುತ್ತಿ ಬಳಸಿ ಬರೆಯಬೇಡಿ. ಹನ್ನೊಂದು ನಲವತ್ತು ಎಂದು ಬರೆದಾಗಲೇ ನಿಮಗೆ ಎಲ್ಲ ಗೊತ್ತೆಂದು ತಿಳಿಯಿತು. ಸಮಿತಿಯವರಿಗೆ ಹೇಳಬೇಕೆಂದಿದ್ದರೆ ಹೇಳಿ. ಫಲಕ ನಾನು ಕೇಳಿದ್ದಲ್ಲ. ನನಗೆ ಎಪ್ಪತ್ತನಾಲ್ಕು ವರ್ಷ, ಎರಡೂ ಮೊಣಕಾಲು ಹೋಗಿವೆ, ಹನ್ನೊಂದು ವರ್ಷದಿಂದ ಬೆಟ್ಟದ ಬುಡ ದಾಟಿಲ್ಲ. ಇನ್ನು ನನ್ನಿಂದ ಕಿತ್ತುಕೊಳ್ಳಲು ಏನಿದೆ?

ಡೆನೊ


ರಾಚೆಸ್ಟರ್
6 ಆಗಸ್ಟ್ 1994

ಡೆನೊ ಅವರೇ,

ನಿಮ್ಮ ಕಾಗದ ಓದಿ ನಮ್ಮ ಕನ್ನಡಕದಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನಗೆ ಏನೂ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ. ನೀವು ಅಮ್ಮನನ್ನು ಪ್ರೀತಿಸಿದ್ದಿರಿ, ಅಷ್ಟೇ ಗುಟ್ಟು ಎಂದುಕೊಂಡಿದ್ದೆ. ಹಾಗೆಂದುಕೊಂಡು ಒಳಗೊಳಗೇ ಸ್ವಲ್ಪ ಖುಷಿಯೂ ಪಟ್ಟಿದ್ದೆ. ನಿಮ್ಮನ್ನು ಹೆದರಿಸುವುದು ಕನಸಿನಲ್ಲೂ ಇರಲಿಲ್ಲ.

ಯಾಕೆ ಕೆದಕುತ್ತಿದ್ದೇನೆ ಎಂದು ಹೇಳುತ್ತೇನೆ. ಅಪ್ಪ ಹೋದ ಮೇಲೆ ಅಮ್ಮ ಮನೆ ಬಿಟ್ಟು ಹೊರಡುವುದಿಲ್ಲ. ಅಂಗಡಿಗೆ ನಾನೇ ಹೋಗಬೇಕು. "ನಂಗೆ ಹೋಗೋಕೆ ಎಲ್ಲೂ ಇಲ್ಲ ಕಣೇ" ಎನ್ನುತ್ತಾಳೆ. ಹುಟ್ಟಿನಿಂದಲೇ ಅಂಜುಬುರುಕಿ ಎಂದು ನಾನೂ ನಂಬಿದ್ದೆ. ಈಗ ನೋಡಿದರೆ ಅದೇ ಹೆಂಗಸು ಮೂವತ್ತನೇ ವಯಸ್ಸಿನಲ್ಲಿ ಒಬ್ಬಳೇ ಬೆಟ್ಟ ಹತ್ತಿ, ಅರವತ್ತು ಅಡಿ ಎತ್ತರದ ಕಬ್ಬಿಣದ ಗೋಪುರವನ್ನೂ ಹತ್ತಿದ್ದಾಳೆ. ಆ ಹೆಂಗಸು ಯಾರು? ನನಗೆ ಅವಳ ಪರಿಚಯವಾಗಬೇಕು.

ನೀವು ಹೇಳದಿದ್ದರೆ ಮತ್ತೆ ಕೇಳುವುದಿಲ್ಲ. ಹೋಬಾರ್ಟ್ ಅವರಿಗೂ ಏನೂ ಹೇಳುವುದಿಲ್ಲ, ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಕೊರಿನ್


ಮಿಂಕ್ ಲೇಕ್
15 ಆಗಸ್ಟ್ 1994

ಕೊರಿನ್,

ಒಂದು ವಾರ ನಿಮ್ಮ ಕಾಗದ ಮೇಜಿನ ಮೇಲಿತ್ತು. ಇವತ್ತು ಬರೆಯುತ್ತೇನೆ. ಓದಿ ಏನು ಬೇಕಾದರೂ ಮಾಡಿ.

ಆ ಬೇಸಿಗೆ ಇಪ್ಪತ್ತಾರು ದಿನ ಮಳೆ ಬಂದಿರಲಿಲ್ಲ. ಕಾಡು ಒಣಗಿ ಕಾಲಿಟ್ಟರೆ ಚರಚರ ಎನ್ನುತ್ತಿತ್ತು. ಅಂಥ ದಿನಗಳಲ್ಲಿ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕಾವಲುಗಾರ ಗೋಪುರ ಬಿಟ್ಟು ಇಳಿಯುವಂತಿಲ್ಲ. ನಾನು ಇಳಿದೆ. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ಮನೆಯಿಂದ ಕರೆ ಬಂದಿರಲಿಲ್ಲ. ಕೆರೆಯಲ್ಲಿ ಟ್ರೌಟ್ ಮೀನು ಮೇಲೆ ಬರುವ ದಿನ ಅದು ಎಂದು ಗಾಳಿ ನೋಡಿ ಗೊತ್ತಾಯಿತು. ಗಾಳ ತೆಗೆದುಕೊಂಡು ಪಶ್ಚಿಮದ ದಾರಿಯಲ್ಲಿ ಇಳಿದೆ. ನಿಮ್ಮ ತಾಯಿ ಪೂರ್ವದ ದಾರಿಯಲ್ಲಿ ಹತ್ತುತ್ತಿದ್ದರು.

ಆರು ಮೀನು ಹಿಡಿದು ಒಂದೂವರೆಗೆ ವಾಪಸು ಬಂದಾಗ ಗೋಪುರದ ಮೇಲಿಂದ ಹೆಂಗಸಿನ ಕೂಗು ಕೇಳಿತು.

"ನೀವೇನಾ ಡೆನೊ? ಬೇಗ ಹತ್ತಿ! ಗಾಳಿ ಯಾವ ಕಡೆ ತಿರುಗ್ತಾ ಇದೆ ಅಂತ ಕೇಳ್ತಾ ಇದಾರೆ, ನಂಗೆ ಗೊತ್ತಾಗ್ತಿಲ್ಲ!"

ಹತ್ತಿದೆ. ದಕ್ಷಿಣದಲ್ಲಿ ಹೊಗೆ ಆಕಾಶಕ್ಕೆ ಗೋಡೆ ಕಟ್ಟಿದಂತೆ ನಿಂತಿತ್ತು. ಆಕೆ ಫೋನಿನ ರಿಸೀವರನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಹೊಗೆಯ ದಿಕ್ಕು ಅಳೆಯುವ ನಕ್ಷೆಯ ಮೇಜಿನ ಹಿತ್ತಾಳೆ ಕಡ್ಡಿಯನ್ನು ತಿರುಗಿಸಿ, ಇನ್ನೂರ ಹದಿನಾಲ್ಕೂವರೆ ಡಿಗ್ರಿ ಎಂದು ಓದಿ, ಕೆಳಗಿನ ಅರಣ್ಯ ಕಚೇರಿಯ ರೇಂಜರ್‌ಗೆ ಹೇಳಿದ್ದರು. ನಾನಾಗಿದ್ದರೆ ಆ ಅರ್ಧ ಡಿಗ್ರಿ ಬಿಟ್ಟುಬಿಡುತ್ತಿದ್ದೆ. ಆ ಅರ್ಧದಿಂದಲೇ ಬೆಂಕಿ ಆರಿಸುವವರು ಸರಿಯಾದ ಹಳ್ಳಕ್ಕೆ ಹೋದರು.

ರೇಂಜರ್ ಮೊದಲು, "ಯಾರಮ್ಮಾ ಮಾತಾಡ್ತಿರೋದು, ಓರಿನ್ ಎಲ್ಲಿ?" ಎಂದು ಕೇಳಿದನಂತೆ. ಗೋಡೆಯ ಮೇಲಿದ್ದ ನನ್ನ ಹೆಸರು ನೋಡಿಕೊಂಡು ಆಕೆ, "ಡೆನೊ ಮೇಜಿನ ಹತ್ರ ನಿಂತು ನೋಡ್ತಾ ಇದಾರೆ, ನಂಗೆ ಹೇಳು ಅಂದ್ರು" ಎಂದರಂತೆ. ಒಂದೂವರೆ ಗಂಟೆ ಹಾಗೆಯೇ ಇಲ್ಲದ ನನ್ನನ್ನು ಇದ್ದಂತೆ ನಿಲ್ಲಿಸಿದರು.

ನಾನು ಮೀನು ಹಿಡಿದುಕೊಂಡೇ ನಿಂತಿದ್ದೆ. ಬಾಯಿಂದ ಬಂದ ಮೊದಲ ಮಾತು, "ಯಾರಿಗೂ ಹೇಳ್ಬೇಡಿ ತಾಯಿ, ಕೆಲ್ಸ ಹೋಗುತ್ತೆ." ನಲವತ್ತೊಂದು ಮಕ್ಕಳು ಏನಾದರು ಎಂದು ಕೇಳಲಿಲ್ಲ. ಅದು ಎರಡನೆಯ ಮಾತು.

ಆಕೆ ನನ್ನನ್ನೂ ಮೀನನ್ನೂ ನೋಡಿ, "ನೀವೂ ಹೇಳ್ಬೇಡಿ. ನಾನು ಇಲ್ಲಿಗೆ ಬಂದೇ ಇಲ್ಲ" ಎಂದರು. ಶಾಲೆಯಲ್ಲಿ ಲೆಕ್ಕ ಕಲಿಸುವುದಾಗಿ ಹೇಳಿ, ನೀರು ಕುಡಿದು, ಇಳಿದು ಹೋದರು. ಮತ್ತೆ ನೋಡಲಿಲ್ಲ.

ನನ್ನ ಮೇಲಿನ ಕನಿಕರಕ್ಕೆ ಆಕೆ ತಮ್ಮನ್ನೇ ಅಳಿಸಿಕೊಂಡರು. ಕೀರ್ತಿ ನನಗೆ ಬಂತು. ಸಂಜೆ ಪುಸ್ತಕದಲ್ಲಿ ಆಕೆಯ ಹೆಸರು ಕಂಡಾಗ ಹಾಳೆ ಹರಿಯಬಹುದಿತ್ತು. ಹರಿಯಲಿಲ್ಲ. ಆ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ನಿಮ್ಮ ಎರಡು ಸಮಯದ ನಡುವಿನ ಇಪ್ಪತ್ತೈದು ನಿಮಿಷ ಮೇಜು ಬಳಸುವುದನ್ನು ಕಲಿಯಲು ಹಿಡಿದಿರಬೇಕು. ಹೊಸಬರಿಗೆ ಅದು ಏನೇನೂ ಹೆಚ್ಚಲ್ಲ.

ಮಕ್ಕಳೆಲ್ಲ ಉಳಿದರು. ಶಿಬಿರದ ಲಾಯದಲ್ಲಿ ಒಂದು ಮುದಿ ಕುದುರೆ ಕಟ್ಟಿದ್ದರು, ಅದನ್ನು ಬಿಡಿಸಲು ಆಗಲಿಲ್ಲ, ಬೆಂಕಿಗೆ ಹೋಯಿತು. ನಾನು ಗೋಪುರದಲ್ಲಿದ್ದಿದ್ದರೆ ಹೊಗೆ ಇನ್ನೂ ಮೊದಲೇ ಕಾಣುತ್ತಿತ್ತು. ಆ ಕುದುರೆ ನನ್ನ ಲೆಕ್ಕಕ್ಕೆ ಸೇರಿದ್ದು. ಎಲ್ಲರೂ ಬೆನ್ನು ತಟ್ಟಿದಾಗಲೆಲ್ಲ ಅದೇ ನೆನಪಾಗುತ್ತದೆ.

ಓರಿನ್


ರಾಚೆಸ್ಟರ್
29 ಆಗಸ್ಟ್ 1994

ಓರಿನ್ ಅವರೇ,

ನಿಮ್ಮ ಕಾಗದವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ನಿಮ್ಮನ್ನು ಕೇಳದೆ ಓದಿದ್ದು ತಪ್ಪು, ಬೈಯಿರಿ.

ಮೀನಿನ ವಿಷಯ ಬಂದಾಗ ನಕ್ಕಳು. "ಬಾಲ ನೆಲಕ್ಕೆ ತಾಗ್ತಾ ಇತ್ತು, ಅಷ್ಟು ಉದ್ದ" ಎಂದಳು. ಬೇರೆ ಯಾರೋ ವಿನಿಫ್ರೆಡ್ ಅಲ್ಲಿಗೆ ಮುಗಿದಳು. ಕುದುರೆಯ ಸಾಲು ಬಂದಾಗ ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಮರುದಿನ ಬೆಳಗ್ಗೆ ಒಂದೇ ಮಾತು: "ಅವ್ರು ತಪ್ಪು ತಿಳ್ಕೊಂಡಿದಾರೆ. ನಾನೇ ಬರೀತೀನಿ. ನೀನು ಓದ್ಬಾರ್ದು."

ನಾನು ಓದಬಾರದಂತೆ! ಈ ವಾರ ಎರಡು ಗಾಜು ತಪ್ಪಾಗಿ ಉಜ್ಜಿದ್ದೇನೆ.

ಕೊರಿನ್


ರಾಚೆಸ್ಟರ್
31 ಆಗಸ್ಟ್ 1994

ಡೆನೊ ಅವರಿಗೆ ನಮಸ್ಕಾರ.

ನೀವು ಬರೆದದ್ದರಲ್ಲಿ ಎರಡು ತಪ್ಪುಗಳಿವೆ. ತಿದ್ದುವುದು ನನ್ನ ಅಭ್ಯಾಸ.

ಮೊದಲನೆಯದು, ಕನಿಕರ. ನಿಮ್ಮ ಮೇಲಿನ ಕನಿಕರಕ್ಕೆ ನಾನು ಸುಮ್ಮನಿರಲಿಲ್ಲ. ಯುಟಿಕಾಗೆ ಹೋಗುತ್ತೇನೆಂದು ಗಂಡನಿಗೆ ಸುಳ್ಳು ಹೇಳಿ ಬಂದಿದ್ದೆ. ನನ್ನ ಲೈಲ್ ಒಳ್ಳೆಯ ಮನುಷ್ಯ. ಬೆಟ್ಟ ಹತ್ತಬೇಕು ಎಂದಿದ್ದರೆ ಜೊತೆಗೆ ಬರುತ್ತಿದ್ದರು, ನನ್ನ ಚೀಲ ಹೊರುತ್ತಿದ್ದರು, ಎಲ್ಲಿ ಕೂರಬೇಕು, ಎಷ್ಟು ನೀರು ಕುಡಿಯಬೇಕು ಎಂದು ಹೇಳುತ್ತಿದ್ದರು. ನನ್ನ ಚೀಲ ನಾನೇ ಹೊರಬೇಕೆನಿಸಿತ್ತು. ಇಷ್ಟು ಸಣ್ಣ ಆಸೆಗೆ ಅಷ್ಟು ದೊಡ್ಡ ಸುಳ್ಳು ಹೇಳಿದೆನಲ್ಲ ಎಂದು ಆಮೇಲೆ ಹೇಳಿಕೊಳ್ಳಲೂ ನಾಚಿಕೆಯಾಯಿತು. ನೀವು ಬಾಯಿ ಬಿಡದೆ ಇದ್ದದ್ದು ನನ್ನ ಮಾನ ಕಾಯಲು ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಎರಡನೆಯದು, ಇಪ್ಪತ್ತೈದು ನಿಮಿಷ. ಆ ಮೇಜು ಕಲಿಯಲು ನನಗೆ ಮೂರು ನಿಮಿಷ ಸಾಕಾಯಿತು. ಮೆಟ್ಟಿಲು ಹತ್ತಿ ಸಹಿ ಹಾಕಿ ತಲೆ ಎತ್ತಿದಾಗಲೇ ಹೊಗೆ ಕಂಡಿತ್ತು. ಹೊಗೆ ಎಂದು ಗೊತ್ತಾಯಿತು ಕೂಡ. ಫೋನ್ ಮಾಡಿದರೆ ಹೆಸರು ಕೇಳುತ್ತಾರೆ, ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಲೈಲ್ ಓದುತ್ತಾರೆ. ಮಂಜಿರಬಹುದು, ಯಾರೋ ಕಸ ಸುಡುತ್ತಿರಬಹುದು, ಕಾವಲುಗಾರ ಈಗ ಬರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಇಪ್ಪತ್ತು ನಿಮಿಷ ನಿಂತಿದ್ದೆ. ಅಲ್ಲಿ ಮಕ್ಕಳಿದ್ದಾರೆಂದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಉತ್ತರವಲ್ಲ.

ಪತ್ರಿಕೆಯಲ್ಲಿ ಕುದುರೆಯ ವಿಷಯ ಓದಿದೆ. ಆಮೇಲೆ ಶಾಲೆ ಬಿಟ್ಟರೆ ಎಲ್ಲಿಗೂ ಒಬ್ಬಳೇ ಹೋಗಲಿಲ್ಲ. ನನ್ನ ಮಗಳು ಅದನ್ನು ಅಂಜಿಕೆ ಎನ್ನುತ್ತಾಳೆ. ನಾನು ನನಗೇ ಹಾಕಿಕೊಂಡ ಶಿಕ್ಷೆ ಅದು.

ಆದ್ದರಿಂದ ಆ ಕುದುರೆ ನಿಮ್ಮದಲ್ಲ, ನನ್ನದು.

ವಿನಿಫ್ರೆಡ್ ಟ್ಯಾಸ್ಕರ್

ಈ ಕಾಗದವನ್ನು ಮಗಳ ಕೈಗೇ ಕೊಟ್ಟು ಅಂಚೆಗೆ ಹಾಕಿಸುತ್ತೇನೆ. ಲಕೋಟೆ ಅಂಟಿಸುವುದಿಲ್ಲ. ಓದದೆ ಇರುವವಳಲ್ಲ ಅವಳು. ಓದಲಿ.


ಮಿಂಕ್ ಲೇಕ್
5 ಸೆಪ್ಟೆಂಬರ್ 1994

ವಿನಿಫ್ರೆಡ್ ಅವರೇ,

ನಿಮ್ಮದನ್ನು ಒಪ್ಪುವುದಿಲ್ಲ. ನಾನು ಮೇಲಿದ್ದಿದ್ದರೆ ನೀವು ಬಂದಾಗ ಬೆಂಕಿಯ ಸುದ್ದಿ ಆಗಲೇ ಕೆಳಗೆ ತಲುಪಿರುತ್ತಿತ್ತು. ನೀವು ಆರಾಮಾಗಿ ನಿಂತು ಸುತ್ತಲಿನ ಬೆಟ್ಟ ನೋಡಿ ಇಳಿಯುತ್ತಿದ್ದಿರಿ. ಹೆಚ್ಚೆಂದರೆ ಪಾಲು ಮಾಡಿಕೊಳ್ಳೋಣ. ನನ್ನ ಪಾಲು ದೊಡ್ಡದು, ಅದರಲ್ಲಿ ಚೌಕಾಸಿ ಬೇಡ.

ನಿನ್ನೆ ಹೋಬಾರ್ಟ್‌ಗೆ ಎಲ್ಲ ಹೇಳಿದೆ. ಟೋಪಿ ತಿರುಗಿಸುತ್ತ ಕೇಳಿಸಿಕೊಂಡ.

"ಫಲಕದ ಬಣ್ಣ ಒಣಗಿಬಿಟ್ಟಿದೆಯಲ್ಲೋ ಓರಿನ್."

"ಕೆರೆದು ಇನ್ನೊಂದ್ ಸಲ ಹಚ್ಚು."

"ಜನ ನಿನ್ನ ಬಗ್ಗೆ ಏನಂತಾರೋ?"

"ಮೀನು ಹಿಡಿಯೋಕೆ ಹೋಗಿದ್ದ ಅಂತಾರೆ. ಹೋಗಿದ್ನಲ್ಲ."

ಹತ್ತನೇ ತಾರೀಕು ಬೆಟ್ಟದ ಬುಡದಲ್ಲಿ ನಾನೇ ನಿಂತು ಹೇಳುತ್ತೇನೆ. ನಿಮ್ಮ ಹೆಸರು ಹೇಳಬಹುದೇ? ನಿಮ್ಮ ಇಪ್ಪತ್ತು ನಿಮಿಷ ನಿಮಗೆ ಬಿಟ್ಟದ್ದು, ಅದನ್ನು ನಾನು ಹೇಳುವುದಿಲ್ಲ. ಬೇಡವೆಂದರೆ ಒಂದು ಸಾಲು ಬರೆಯಿರಿ. ಬರೆಯದಿದ್ದರೆ ಹೂಂ ಎಂದುಕೊಳ್ಳುತ್ತೇನೆ.

ಓರಿನ್ ಡೆನೊ


ರಾಚೆಸ್ಟರ್
14 ಸೆಪ್ಟೆಂಬರ್ 1994

ಪ್ರೀತಿಯ ಓರಿನ್,

ಹತ್ತನೇ ತಾರೀಕು ನಾವು ಬೆಟ್ಟ ಇಳಿದು ಬರುವಷ್ಟರಲ್ಲಿ ಆರೂವರೆ. ಚಳಿಗೆ ನಿಮ್ಮ ಕಾಲು ಸೆಟೆದುಕೊಂಡಿತು, ಸೊಸೆ ಬಲವಂತವಾಗಿ ಮನೆಗೆ ಕರೆದುಕೊಂಡು ಹೋದರು ಎಂದು ಹೋಬಾರ್ಟ್ ಹೇಳಿದರು. ಆದ್ದರಿಂದ ಮೇಲೆ ನಡೆದದ್ದನ್ನು ನಾನೇ ಬರೆಯಬೇಕು. ಅಮ್ಮ ಬರೆಯುವುದಿಲ್ಲವಂತೆ.

ಮೊದಲು ಕೆಳಗೆ ನಡೆದದ್ದರ ಬಗ್ಗೆ ಒಂದು ಮಾತು. ನಲವತ್ತಮೂರು ವರ್ಷದ ಮೇಲೆ ಎದುರಾಗಿ ನೀವಿಬ್ಬರೂ ಕೈಕುಲುಕಿ ಮಾತಾಡಿದ್ದು ಏನು? ಸೇಬು ಈ ಸಲ ಬೇಗ ಹಣ್ಣಾಗಿದೆ ಎಂದು! ನಾನು ಕಿವಿ ಕೊಟ್ಟು ನಿಂತಿದ್ದೇ ದಂಡ. ಆದರೆ ನೀವು ಎಲ್ಲರೆದುರು ನಿಂತು, "ಆ ದಿನ ನಾನು ಮೇಲೆ ಇರ್ಲಿಲ್ಲ" ಎಂದಾಗ ಅಮ್ಮ ನನ್ನ ತೋಳು ಹಿಡಿದುಕೊಂಡಳು. ನಿಮ್ಮ ಮಾತು ಮುಗಿಯುತ್ತಲೇ ತಾನೂ ಮುಂದೆ ಹೋಗಿ ತನ್ನ ಇಪ್ಪತ್ತು ನಿಮಿಷ ಹೇಳಿದಳಲ್ಲ, ಹಾಗೆ ಜನರೆದುರು ಹೇಳುತ್ತೇನೆಂದು ಅವಳು ನನಗೂ ಮೊದಲೇ ತಿಳಿಸಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದೇ ಚೆನ್ನಾಗಿತ್ತು. ಜನ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಬೆಟ್ಟ ಹತ್ತಲು ಹೊರಟರು.

ಪೂರ್ವದ ದಾರಿಯಲ್ಲಿ ಅಮ್ಮನಿಗೆ ಮೂರು ಗಂಟೆ ಹಿಡಿಯಿತು. ಹದಿನಾರು ಸಲ ಕೂತಳು. ಚೀಲ ಕೊಡು ಎಂದು ಎರಡು ಸಲ ಕೇಳಿದೆ. ಎರಡನೆಯ ಸಲ ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ.

ಗೋಪುರದ ಮೂರನೆಯ ಮಜಲಿನಲ್ಲಿ ಅವಳ ಮುಖ ಬಿಳುಚಿತು. ಕೈ ಕಬ್ಬಿಣಕ್ಕೆ ಅಂಟಿಕೊಂಡು ಬಿಡಲೇ ಇಲ್ಲ, ಹಣೆಯೆಲ್ಲ ಬೆವರು. ತಲೆ ತಿರುಗುವುದು ನಿಜವಾಗಿತ್ತು ಓರಿನ್! ಸಹಿ ನೋಡಿದ ದಿನದಿಂದ ಅದೊಂದು ನೆಪ ಎಂದೇ ನಾನು ತಿಳಿದಿದ್ದೆ. "ಆವಾಗ್ಲೂ ಹೀಗೇ ಆಗಿತ್ತಾ?" ಎಂದು ಕೇಳಿದೆ.

"ಇದಕ್ಕಿಂತ ಜಾಸ್ತಿ. ನೀನು ಮೇಲೆ ನೋಡು, ನನ್ನ ನೋಡ್ಬೇಡ" ಎಂದಳು.

ಒಂದೊಂದೇ ಮೆಟ್ಟಿಲು ಲೆಕ್ಕ ಹಾಕುತ್ತ ಹತ್ತಿದಳು. ಮೇಲಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಕಣ್ಣು ಮುಚ್ಚಿಕೊಂಡಳು. ಆಮೇಲೆ ಕಿಟಕಿ ಹಿಡಿದುಕೊಂಡು ಎದ್ದು ದಕ್ಷಿಣಕ್ಕೆ ನೋಡಿದಳು. ಅಲ್ಲಿ ಈಗ ಬರಿ ಬರ್ಚ್ ಮರಗಳು, ಆಗಲೇ ಹಳದಿ ತಿರುಗಿವೆ. ಬಹಳ ಹೊತ್ತು ನೋಡಿದಳು. ನಾನೂ ಏನೂ ಕೇಳಲಿಲ್ಲ. ನನ್ನ ಜೀವನದಲ್ಲಿ ಕೇಳದೆ ಬಿಟ್ಟದ್ದು ಅದೊಂದೇ ಇರಬೇಕು.

ಅಷ್ಟರಲ್ಲಿ ಒಂದು ಜೋಡಿ ಹತ್ತಿ ಬಂತು. ಕೆಳಗಿನ ಭಾಷಣದ ಹೊತ್ತಿಗೆ ಅವರಿರಲಿಲ್ಲ, ತಡವಾಗಿ ಹೊರಟವರು. ಹೊಸದಾಗಿ ಕೂರಿಸಿದ ನಕ್ಷೆಯ ಮೇಜಿನ ಸುತ್ತ ತಿರುಗಿ, ಇದೇನು ಗಡಿಯಾರವೋ ತಕ್ಕಡಿಯೋ ಎಂದು ವಾದಿಸತೊಡಗಿದರು. ಅಮ್ಮನಿಗೆ ತಡೆಯಲಾಗಲಿಲ್ಲ.

"ಸ್ವಲ್ಪ ಜರುಗಿ" ಎಂದು ಹೋಗಿ ಹಿತ್ತಾಳೆ ಕಡ್ಡಿ ಹಿಡಿದಳು. ದೂರದ ಒಂದು ಮನೆಯ ಹೊಗೆಕೊಳವೆಗೆ ಗುರಿ ಇಡಿಸಿ, ಕಣ್ಣು ಎಲ್ಲಿಡಬೇಕು, ಅಂಕಿ ಎಲ್ಲಿ ಓದಬೇಕು ಎಂದು ಇಬ್ಬರಿಗೂ ಹೇಳಿಕೊಟ್ಟಳು. ಆ ಹೆಂಗಸು "ನೂರ ಮೂವತ್ತು" ಎಂದಿದ್ದಕ್ಕೆ, "ಸರಿಯಾಗಿ ನೋಡಮ್ಮಾ, ಮೂವತ್ತಾ, ಮೂವತ್ತೂವರೆನಾ?" ಎಂದು ಮತ್ತೆ ಓದಿಸಿದಳು. ಕಾಲು ಗಟ್ಟಿಯಾಗಿ ನಿಂತಿತ್ತು.

ಗಂಡಸು ಬೆರಗಾಗಿ ಕೇಳಿದ: "ಅಜ್ಜಿ, ನೀವು ಇಲ್ಲಿ ಕಾವಲುಗಾರ್ತಿ ಆಗಿದ್ರಾ?"

ಅಮ್ಮ ಕಡ್ಡಿಯನ್ನು ಮೆಲ್ಲಗೆ ಸೊನ್ನೆಗೆ ತಿರುಗಿಸಿಟ್ಟಳು.

"ಹೂಂ, ಇದ್ದೆ" ಎಂದಳು. "ಒಂದೂವರೆ ಗಂಟೆ."

ಕೊರಿನ್